ದೀಪ ಆರಿಸಿ ಕೇಳುವ ಪಿಯಾನೊ: ಗ್ಲೆನ್ ಗೂಲ್ಡ್ ಊರಿನಿಂದ ವಾವಾದವರೆಗೆ ಐದು ದಿನ

ಅಪ್ಪ ತೀರಿಕೊಂಡ ವರ್ಷ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಟೊರಾಂಟೊದಲ್ಲಿರುವ ಮಗಳು ಒಂದು ರಾತ್ರಿ ಫೋನಿಗೆ ಪಿಯಾನೊ ರೆಕಾರ್ಡಿಂಗ್ ಒಂದನ್ನು ಕಳಿಸಿದಳು. "ದೀಪ ಆರಿಸಿ ಕೇಳವ್ವಾ, ಬೇರೇನೂ ಮಾಡಬೇಡ" ಅಂದಳು. ಕೇಳಿದೆ. ಎರಡು ನಿಮಿಷ ಆಗುವಷ್ಟರಲ್ಲಿ ಎದ್ದು ಕೂತೆ. ಪಿಯಾನೊದ ಹಿಂದೆ ಯಾರೋ ಸಣ್ಣಗೆ ಗುನುಗುತ್ತಿದ್ದರು.

ನಮ್ಮ ಅಪ್ಪನೂ ಹಾಗೇ ಗುನುಗುತ್ತಿದ್ದರು. ಧಾರವಾಡದ ಮನೆಯಲ್ಲಿ ರಾತ್ರಿ ಊಟ ಮುಗಿದರೆ ದೀಪ ಆರಿಸಿ ಆಕಾಶವಾಣಿ ಹಚ್ಚುವುದು ಅವರ ರೂಢಿ. ಊರಲ್ಲಿ ಎಷ್ಟು ಬೈಠಕ್ ನಡೆದರೂ ಹೋಗುತ್ತಿದ್ದುದು ಕಡಿಮೆ. "ಅಲ್ಲಿ ಕೂತ್ರ ಮಂದಿ ಕಾಣ್ತಾರ. ರೇಡಿಯೋದಾಗ ಬರೀ ಹಾಡು ಇರ್ತದ" ಅನ್ನುತ್ತಿದ್ದರು.

ಆ ರಾತ್ರಿ ಗುನುಗಿದ್ದು ಗ್ಲೆನ್ ಗೂಲ್ಡ್. ಕೆನಡಾದ ಪಿಯಾನೊ ವಾದಕ. ಜಗತ್ತು ಕರೆಕರೆದು ವೇದಿಕೆ ಕೊಡುತ್ತಿದ್ದ ಹೊತ್ತಿನಲ್ಲಿ, 31ನೇ ವಯಸ್ಸಿಗೇ, ಇನ್ನು ಜನರ ಮುಂದೆ ನುಡಿಸುವುದಿಲ್ಲ ಎಂದು ನಿಲ್ಲಿಸಿಬಿಟ್ಟವರು. ಆಮೇಲೆ ಸಾಯುವವರೆಗೂ ಸ್ಟುಡಿಯೋ, ರೇಡಿಯೋ, ಟಿ.ವಿ. ಅಷ್ಟೇ. ಇದನ್ನು ಓದಿದಾಗಲೇ ಅವರ ಊರು ನೋಡಬೇಕು ಅನ್ನಿಸಿತ್ತು. ಹೋದ ಸಲ ಮಗಳ ಮನೆಗೆ ಹೋಗಿದ್ದಾಗ ಸೆಪ್ಟೆಂಬರ್ ಕೊನೆ. ಗೂಲ್ಡ್ ಹುಟ್ಟಿದ್ದು ಸೆಪ್ಟೆಂಬರ್ 25ಕ್ಕೆ, ತೀರಿಕೊಂಡಿದ್ದು ಅಕ್ಟೋಬರ್ 4ಕ್ಕೆ. ಮಗಳು ರಜೆ ಹಾಕಿದಳು. ಗೂಲ್ಡ್ ಊರು ನೋಡಿ, ಅವರು ಬರೆಯಲು ಹೋಗುತ್ತಿದ್ದ ಉತ್ತರದ ಸಣ್ಣ ಊರು ವಾವಾದವರೆಗೆ ಹೋಗಿ ಬರುವುದು ಎಂದಾಯಿತು.

ಮೊದಲ ದಿನ: ಕೆರೆ ದಂಡೆಯ ಬೀದಿ

ಟೊರಾಂಟೊದ ಪೂರ್ವಕ್ಕೆ ಬೀಚಸ್ ಅನ್ನುವ ಬಡಾವಣೆ ಇದೆ. ಕ್ವೀನ್ ಬೀದಿಯ 501 ನಂಬರಿನ ಸ್ಟ್ರೀಟ್‌ಕಾರ್ ಹತ್ತಿದರೆ ಅಲ್ಲಿಗೆ ತಲುಪಿಸುತ್ತದೆ. ತುಂಬಾ ನಿಧಾನ ಹೋಗುತ್ತದೆ, ಆದರೆ ಕಿಟಕಿ ಪಕ್ಕ ಸೀಟು ಸಿಕ್ಕರೆ ಅರ್ಧ ಊರು ನೋಡಿದ ಹಾಗಾಗುತ್ತದೆ. ಕಾರು ತೆಗೆದುಕೊಂಡು ಹೋದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಸೌತ್‌ವುಡ್ ಡ್ರೈವ್ ಸಣ್ಣ ಬೀದಿ. ಏರು ದಾರಿ, ಎರಡೂ ಕಡೆ ದೊಡ್ಡ ಮರಗಳು, ಇಟ್ಟಿಗೆ ಮನೆಗಳು. ಅದರಲ್ಲೊಂದು ಗೂಲ್ಡ್ ಹುಟ್ಟಿ ಬೆಳೆದ ಮನೆ. ಈಗ ಬೇರೆಯವರು ಇದ್ದಾರೆ, ಹಾಗಾಗಿ ಎದುರಿನ ಕಾಲುದಾರಿಯಲ್ಲೇ ನಿಂತು ನೋಡಿದೆವು. ನಾಯಿ ಹಿಡಿದುಕೊಂಡು ಬಂದ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ನೋಡಿ ನಕ್ಕು ನಿಂತರು. "ಪಿಯಾನೊದವರ ಮನೆಗೆ ಬಂದಿರಾ? ವರ್ಷದುದ್ದಕ್ಕೂ ಬರ್ತಾರೆ. ಹೀಗೇ ನಿಂತು ನೋಡ್ತಾರೆ, ಹೋಗ್ತಾರೆ. ಜಪಾನಿನಿಂದ ಬಂದವರು ಅತ್ತಿದ್ದನ್ನೂ ನೋಡಿದ್ದೇನೆ" ಅಂದರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಧಾರವಾಡ ಅಂದೆ. ಎರಡು ಸಲ ಹೇಳಿಸಿಕೊಂಡು ಸರಿಯಾಗಿ ಉಚ್ಚರಿಸಿದ ಮೇಲೇ ಮುಂದೆ ಹೋದರು.

ಗೂಲ್ಡ್ ಹುಟ್ಟಿದ್ದು 1932ರಲ್ಲಿ. ಅಪ್ಪನದು ತುಪ್ಪಳದ ಬಟ್ಟೆಗಳ ವ್ಯಾಪಾರ. ಅಮ್ಮ ಫ್ಲಾರೆನ್ಸ್ ಹಾಡು, ಪಿಯಾನೊ ಕಲಿಸುತ್ತಿದ್ದರು. ಮಗನಿಗೆ ಮೊದಲ ಗುರುವೂ ಅವರೇ. ಹತ್ತು ವರ್ಷದ ಹೊತ್ತಿಗೆ ಚಿಲಿ ದೇಶದಿಂದ ಬಂದು ಟೊರಾಂಟೊದಲ್ಲಿ ನೆಲೆಸಿದ್ದ ಆಲ್ಬರ್ಟೊ ಗೆರೆರೊ ಅವರ ಹತ್ತಿರ ಪಾಠ ಶುರುವಾಯಿತು. ಗೆರೆರೊ ಕಲಿಸಿದ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಒಂದು ಕೈಯ ಬೆರಳುಗಳನ್ನು ಕೀಗಳ ಮೇಲೆ ಸುಮ್ನೆ ಇಡಬೇಕು. ಇನ್ನೊಂದು ಕೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ತಟ್ಟಬೇಕು. ಬೆರಳಿಗೆ ಭುಜದ ಬಲ ಬೇಕಿಲ್ಲ, ತಾನೇ ತಾನಾಗಿ ಮೇಲೆದ್ದು ಬರುತ್ತದೆ ಎಂದು ಅದಕ್ಕೆ ಗೊತ್ತಾಗಬೇಕು. ಗೂಲ್ಡ್ ನುಡಿಸುವಾಗ ಒಂದೊಂದು ಸ್ವರವೂ ಮುತ್ತು ಬಿಡಿಸಿಟ್ಟ ಹಾಗೆ ಬೇರೆ ಬೇರೆಯಾಗಿ ಕೇಳುತ್ತದೆ ಅಲ್ವಾ, ಅದರ ಬೇರು ಇಲ್ಲಿದೆ.

ಬೀದಿ ಇಳಿದು ದಕ್ಷಿಣಕ್ಕೆ ಹೋದರೆ ಒಂಟಾರಿಯೊ ಸರೋವರ. ದಂಡೆಯುದ್ದಕ್ಕೂ ಮರದ ಹಲಗೆ ಹಾಸಿದ ದಾರಿ. ಗಾಳಿ ಜೋರಾಗಿತ್ತು. ಸೆಪ್ಟೆಂಬರಿನಲ್ಲಿ ಬಿಸಿಲು ನೋಡಿ ಮೋಸ ಹೋಗಬಾರದು, ನೀರಿನ ಹತ್ತಿರ ಸ್ವೆಟರ್ ಬೇಕೇ ಬೇಕು. ಡಬ್ಬಿಯಲ್ಲಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿ ಬೆಂಚಿನ ಮೇಲೆ ಕೂತು ತಿಂದೆವು. ಹಕ್ಕಿಗಳು ಚಪಾತಿ ಕಸಿಯಲು ಬಂದವು.

ಎರಡನೇ ದಿನ: ಕಲ್ಲಿನ ಮೇಲೆ ಕೆತ್ತಿದ ಸ್ವರ

ಬೆಳಿಗ್ಗೆ ಸೇಂಟ್ ಕ್ಲೇರ್ ಅವೆನ್ಯೂಗೆ ಹೋದೆವು. ಪಾರ್ಕ್ ಲೇನ್ ಎಂಬ ಹಳೆಯ ಅಪಾರ್ಟ್‌ಮೆಂಟ್ ಕಟ್ಟಡ. ಅದರ ಮೇಲ್ತುದಿಯ ಮನೆಯಲ್ಲಿ 1960ರ ದಶಕದ ಮೊದಲಿನಿಂದ ಕೊನೆಯವರೆಗೂ ಗೂಲ್ಡ್ ಒಬ್ಬರೇ ಇದ್ದರು. ಹಗಲು ಮಲಗುವುದು, ರಾತ್ರಿಯಿಡೀ ಕೆಲಸ, ಗೆಳೆಯರಿಗೆ ಗಂಟೆಗಟ್ಟಲೆ ಫೋನು. ನಡುರಾತ್ರಿ ಹತ್ತಿರದ ಫ್ರಾನ್ಸ್ (Fran's) ಎಂಬ ಹೋಟೆಲಿಗೆ ಹೋಗಿ ಮೊಟ್ಟೆ ತಿಂದು ಬರುತ್ತಿದ್ದರು. ಸೇಂಟ್ ಕ್ಲೇರಿನ ಆ ಹೋಟೆಲು ಈಗಿಲ್ಲ. ಸ್ವಲ್ಪ ಮುಂದೆ ರಸ್ತೆ ಕೂಡುವಲ್ಲಿ ಅವರ ಹೆಸರಿನ ಪಾರ್ಕ್ ಇದೆ. ಅಲ್ಲಿ ಗೂಲ್ಡ್ ಮೂರ್ತಿ ಇರಬಹುದು ಎಂದು ಹೋದರೆ ಇದ್ದದ್ದು ಪೀಟರ್ ಪ್ಯಾನ್! ಪುಟ್ಟ ಹುಡುಗನೊಬ್ಬ ಅದರ ಸುತ್ತ ಓಡುತ್ತಿದ್ದ.

ಅಲ್ಲಿಂದ ಮೌಂಟ್ ಪ್ಲೆಸೆಂಟ್ ಸ್ಮಶಾನ. 1876ರಲ್ಲಿ ತೆರೆದದ್ದು. ಸ್ಮಶಾನ ಅಂದರೆ ನಮಗೆ ಬರುವ ಕಲ್ಪನೆಯೇ ಬೇರೆ. ಇದು ದೊಡ್ಡ ತೋಟದ ಹಾಗಿದೆ. ಜನ ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಅವರ ಸಮಾಧಿಯೂ ಇಲ್ಲೇ ಇದೆ. ಗೂಲ್ಡ್ ಇರುವುದು 38ನೇ ವಿಭಾಗದಲ್ಲಿ. ನಂಬರ್ ಬರೆದುಕೊಂಡು ಹೋಗದಿದ್ದರೆ ಇಡೀ ದಿನ ಹುಡುಕಬೇಕಾಗುತ್ತದೆ. ನಾವು ನಂಬರ್ ಇದ್ದೂ ಮುಕ್ಕಾಲು ಗಂಟೆ ಸುತ್ತಿದೆವು.

ಕೊನೆಗೆ ಮಗಳು ಕೂಗಿದಳು. ಅಪ್ಪ ಅಮ್ಮನ ಹತ್ತಿರವೇ ಸಣ್ಣ ಕಲ್ಲು. ಮೇಲೆ ಮೇಪಲ್ ಎಲೆಗಳು ಬಿದ್ದಿದ್ದವು. ಕೈಯಿಂದ ಸರಿಸಿದೆ. ಹೆಸರಿನ ಜೊತೆ ಜರ್ಮನಿಯ ಹಳೆಯ ಸಂಗೀತಕಾರ ಬಾಖ್ ಅವರ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಕೃತಿಯ ಮೊದಲ ಸಾಲಿನ ಸ್ವರಲಿಪಿ ಕೆತ್ತಿದ್ದಾರೆ. ನನಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಬರುವುದಿಲ್ಲ. ಮಗಳು ಬೆರಳಿಟ್ಟು ತೋರಿಸುತ್ತ ಮೆಲ್ಲಗೆ ಹಾಡಿದಳು. ನಿದ್ದೆ ಬಾರದ ರಾತ್ರಿ ನನಗೆ ಕಳಿಸಿದ್ದು ಇದನ್ನೇ.

ಈ ಒಂದು ಕೃತಿಯಲ್ಲೇ ಗೂಲ್ಡ್ ಬದುಕಿನ ಎರಡೂ ತುದಿ ಇವೆ. ಮೊದಲು ಒಂದು ಸರಳ ಆರಿಯಾ, ಅಂದರೆ ಹಾಡಿನಂಥ ಸಣ್ಣ ತುಣುಕು. ಆಮೇಲೆ ಅದರ ಕೆಳಗಿನ ಮಂದ್ರದ ಸಾಲನ್ನೇ ಹಿಡಿದು 30 ಬಗೆಯಲ್ಲಿ ಬೆಳೆಸುವುದು. ಕೊನೆಗೆ ಮತ್ತೆ ಅದೇ ಆರಿಯಾ. ಒಂದೇ ರಾಗವನ್ನು ಬೆಳಗಿನವರೆಗೆ ಹಾಡಿದ್ದನ್ನು ಕೇಳಿದವರಿಗೆ ಇದರ ಸುಖ ಬಿಡಿಸಿ ಹೇಳಬೇಕಿಲ್ಲ. 1955ರ ಜೂನಿನಲ್ಲಿ, 22 ವರ್ಷದ ಗೂಲ್ಡ್ ನ್ಯೂಯಾರ್ಕಿನ ಸ್ಟುಡಿಯೋಗೆ ಹೋಗಿ ಇದನ್ನು ನುಡಿಸಿದರು. ಸುಮಾರು 38 ನಿಮಿಷ. ಕುದುರೆ ಓಡಿದ ಹಾಗಿದೆ. ಮುಂದಿನ ವರ್ಷದ ಮೊದಲಲ್ಲಿ ರೆಕಾರ್ಡ್ ಹೊರಬಂದಾಗ ಜಗತ್ತಿಗೆ ಅವರ ಹೆಸರು ಗೊತ್ತಾಯಿತು. 1981ರಲ್ಲಿ ಅದೇ ಕೃತಿಯನ್ನು, ಅದೇ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದರು. ಈ ಸಲ 51 ನಿಮಿಷ. ಮೊದಲ ಆರಿಯಾ ಒಂದಕ್ಕೇ, ಎರಡು ನಿಮಿಷವೂ ಇಲ್ಲದ್ದು ಮೂರು ನಿಮಿಷಕ್ಕೆ ಬಂದಿತ್ತು. ಈ ರೆಕಾರ್ಡ್ ಅಂಗಡಿಗೆ ಬರುವ ಹೊತ್ತಿಗೇ, 50ನೇ ಹುಟ್ಟುಹಬ್ಬ ಕಳೆದು ಎರಡು ದಿನಕ್ಕೆ, ಪಾರ್ಶ್ವವಾಯು ಬಡಿಯಿತು. ಒಂದು ವಾರಕ್ಕೆ ಹೋಗಿಬಿಟ್ಟರು.

ಹೂ ತಂದಿರಲಿಲ್ಲ. ಒಂದು ಒಳ್ಳೆಯ ಕೆಂಪು ಎಲೆ ಆರಿಸಿ ಕಲ್ಲಿನ ಮೇಲಿಟ್ಟು ಬಂದೆ.

ಸಂಜೆ ಕಾಲೇಜ್ ಬೀದಿಗೆ ಹೋದೆವು. ಅಲ್ಲಿ ಈಟನ್ಸ್ ಎಂಬ ದೊಡ್ಡ ಅಂಗಡಿಯ ಕಟ್ಟಡ. ಅದರ ಏಳನೇ ಮಹಡಿಯಲ್ಲೊಂದು ಸಭಾಂಗಣ. 13 ವರ್ಷದ ಹುಡುಗ ಗೂಲ್ಡ್ 1945ರಲ್ಲಿ ಇಲ್ಲಿ ಆರ್ಗನ್ ನುಡಿಸಿದ್ದರು. ದೊಡ್ಡವರಾಗಿ, ವೇದಿಕೆ ಬಿಟ್ಟ ಮೇಲೆ, ಅದೇ ಸಭಾಂಗಣಕ್ಕೆ ರಾತ್ರಿ ಹೊತ್ತು ಬಂದು ರೆಕಾರ್ಡಿಂಗ್ ಮಾಡುತ್ತಿದ್ದರು. ಕುರ್ಚಿಗಳೆಲ್ಲ ಖಾಲಿ, ಒಬ್ಬ ಮನುಷ್ಯ, ಒಂದು ಪಿಯಾನೊ. ಸಿಡಿ 318 ಎಂಬ ನಂಬರಿನ ಆ ಸ್ಟೈನ್‌ವೇ ಪಿಯಾನೊ ಅವರಿಗೆ ಸಿಕ್ಕಿದ್ದೂ ಈಟನ್ಸಿನಲ್ಲೇ. ಅದನ್ನು ಶ್ರುತಿ ಮಾಡುತ್ತಿದ್ದ ವರ್ನ್ ಎಡ್‌ಕ್ವಿಸ್ಟ್ ಅವರಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಅಸಾಧ್ಯ. 1971ರಲ್ಲಿ ಸಾಗಿಸುವಾಗ ಯಾರೋ ಆ ಪಿಯಾನೊ ಬೀಳಿಸಿದರು. ಒಳಗಿನ ಕಬ್ಬಿಣದ ಚೌಕಟ್ಟೇ ಬಿರುಕು ಬಿಟ್ಟಿತು. ರಿಪೇರಿ ಆದರೂ ಅದು ಮೊದಲಿನಂತೆ ಆಗಲಿಲ್ಲ. ತಂಬೂರಿ ಒಡೆದ ಗವಾಯಿಯ ಸಂಕಟ ನನಗೆ ಗೊತ್ತು, ಅದನ್ನು ಓದಿದಾಗ ಹೊಟ್ಟೆಯಲ್ಲಿ ಕಲಸಿದಂತಾಗಿತ್ತು. ಪಿಯಾನೊ ಈಗ ಒಟ್ಟಾವಾದಲ್ಲಿದೆ. ಸಭಾಂಗಣಕ್ಕೆ ಈಗ ಕಾರ್ಲು ಎಂದು ಹೆಸರು, ಮದುವೆ, ಪಾರ್ಟಿ ನಡೆಯುತ್ತವೆ. ಸುಮ್ನೆ ಹೋದವರನ್ನು ಮೇಲೆ ಬಿಡುವುದಿಲ್ಲ. ಲಿಫ್ಟಿನ ಮುಂದೆ ನಿಂತು ವಾಪಸ್ ಬಂದೆವು.

ಕತ್ತಲಾಗುವ ಮುಂಚೆ ಫ್ರಂಟ್ ಬೀದಿಯಲ್ಲಿ, ಕೆನಡಾದ ಆಕಾಶವಾಣಿಯಂಥ ಸಿಬಿಸಿ ರೇಡಿಯೋ ಕಟ್ಟಡದ ಎದುರಿಗೆ ಹೋದೆವು. ಅಲ್ಲಿ ಗೂಲ್ಡ್ ಕೂತಿದ್ದಾರೆ. ಕಂಚಿನ ಗೂಲ್ಡ್, ರೂತ್ ಅಬರ್ನೆಥಿ ಮಾಡಿದ್ದು. ಕೋಟು, ಟೋಪಿ, ಬೆಂಚಿನ ಮೇಲೆ ಕಾಲ ಮೇಲೆ ಕಾಲು. ಬೇಸಿಗೆಯಲ್ಲೂ ಕೋಟು, ಕೈಗವಸು ಬಿಡುತ್ತಿರಲಿಲ್ಲ ಅವರು. ನುಡಿಸುವ ಮುಂಚೆ ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದರು. ಇವನ್ನೆಲ್ಲ ಜನ ಹುಚ್ಚು ಎಂದು ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಬೆರಳುಗಳೇ ಅವರ ಇಡೀ ಆಸ್ತಿ, ಕಾಪಾಡಿಕೊಂಡರು. ಬೆಂಚಿನಲ್ಲಿ ಪಕ್ಕಕ್ಕೆ ಜಾಗ ಬಿಟ್ಟಿದ್ದಾರೆ. ಕೂತೆ. ಕಂಚು ತಣ್ಣಗಿತ್ತು.

ಮೂರನೇ ದಿನ: ಸಿಮ್ಕೋ ಸರೋವರ

ಬೆಳಿಗ್ಗೆ 6ಕ್ಕೇ ಕಾರು ಹತ್ತಿದೆವು. ಉತ್ತರಕ್ಕೆ ಹೋಗುವ 400ನೇ ಹೆದ್ದಾರಿ ಶುಕ್ರವಾರ ಮಧ್ಯಾಹ್ನ ಆದರೆ ಊರಿಗೆ ಊರೇ ಹೊರಟಂತೆ ತುಂಬುತ್ತದೆ, ನಸುಕಿನಲ್ಲಿ ಖಾಲಿ. ಒರಿಲಿಯಾ ಊರಿನ ಹತ್ತಿರ ಅಪ್ಟರ್‌ಗ್ರೋವ್ ಎಂಬ ಹಳ್ಳಿ. ಅಲ್ಲೇ ಸಿಮ್ಕೋ ಸರೋವರದ ದಂಡೆಯಲ್ಲಿ ಗೂಲ್ಡ್ ಮನೆಯವರ ಬೇಸಿಗೆ ಮನೆ ಇತ್ತು.

ಚಿಕ್ಕವರಿದ್ದಾಗ ಗೂಲ್ಡ್ ಇಲ್ಲಿ ದೋಣಿ ಇಳಿಸುವ ಕಟ್ಟೆಯಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡರು. ಎತ್ತರದ ಕುರ್ಚಿಯಲ್ಲಿ ಕೂರಲು ಆಗದೆ ಹೋಯಿತು. 1953ರಲ್ಲಿ ಅಪ್ಪ ಒಂದು ಮಡಚುವ ಕುರ್ಚಿಯ ಕಾಲು ಕೊಯ್ದು, ಒಂದೊಂದು ಕಾಲಿಗೂ ತಿರುಪು ಹಾಕಿ ಏರಿಸಿ ಇಳಿಸುವಂತೆ ಮಾಡಿಕೊಟ್ಟರು. ನೆಲದಿಂದ 14 ಅಂಗುಲ ಎತ್ತರ. ನಮ್ಮ ಮನೆಯ ಮಣೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆಮೇಲೆ ಗೂಲ್ಡ್ ಎಲ್ಲಿ ಹೋದರೂ ಆ ಕುರ್ಚಿ ಹೋಯಿತು. ಮೇಲಿನ ಮೆತ್ತೆ ಹರಿದು ಬರೀ ಚೌಕಟ್ಟು ಉಳಿದರೂ ಬಿಡಲಿಲ್ಲ. ಅವರ ರೆಕಾರ್ಡುಗಳಲ್ಲಿ ಕಿವಿಗೊಟ್ಟು ಕೇಳಿದರೆ ಕುರ್ಚಿಯ ಕಿರುಗುಟ್ಟುವಿಕೆ ಕೇಳುತ್ತದೆ. ಮಗನಿಗಾಗಿ ಅಪ್ಪ ಮಾಡಿದ ಕುರ್ಚಿಯ ಸದ್ದು ಅದು.

ಮನೆ ಹುಡುಕುತ್ತ ಫೋನಿನ ನಕ್ಷೆ ನಂಬಿ ಒಂದು ಮಣ್ಣು ದಾರಿಗೆ ತಿರುಗಿದೆವು. ಅದು ಹೋಗಿ ಹೋಗಿ ಯಾರದೋ ಅಂಗಳದಲ್ಲಿ ಮುಗಿಯಿತು. ಹಿಂದೆ ತಿರುಗಿಸುವಾಗ ಚಕ್ರ ಹಸಿ ಮಣ್ಣಿನಲ್ಲಿ ಹೂತಿತು. ಎಲೆ ಗುಡಿಸುತ್ತಿದ್ದ ಮನೆಯವರು ಕುಂಟೆ ಬಿಟ್ಟು ಬಂದರು. ಕೋಪ ಮಾಡಿಕೊಳ್ಳುತ್ತಾರೇನೋ ಅಂದುಕೊಂಡೆ. ಅವರು ಎರಡು ಹಲಗೆ ತಂದು ಚಕ್ರದ ಕೆಳಗಿಟ್ಟರು, ಹೆಂಡತಿಯನ್ನೂ ಕರೆದು ತಳ್ಳಿಸಿದರು. ಕಾರು ಮೇಲೆ ಬಂತು, ಮಗಳ ಪ್ಯಾಂಟು ಪೂರ್ತಿ ಕೆಸರು. ಮನೆಗಳೆಲ್ಲ ಖಾಸಗಿ, ಹುಡುಕುವುದು ಬೇಡ, ದಂಡೆಗೆ ಹೋಗಿ, ನೀರು ಎಲ್ಲರದ್ದೂ ಒಂದೇ ಎಂದು ಸಾರ್ವಜನಿಕ ದಂಡೆಗೆ ದಾರಿ ತೋರಿಸಿದರು. ಡಬ್ಬಿಯಲ್ಲಿದ್ದ ಕರದಂಟು ಕೊಟ್ಟೆ. ಅದರಲ್ಲಿ ಏನಿದೆ ಎಂದು ಒಂದೊಂದಾಗಿ ಕೇಳಿಕೊಂಡರು.

ಆ ದಿನ ಸರೋವರ ಕನ್ನಡಿಯ ಹಾಗಿತ್ತು. ದೂರದಲ್ಲಿ ಒಬ್ಬರು ಮೀನು ಹಿಡಿಯುತ್ತಿದ್ದರು. ಹುಡುಗ ಗೂಲ್ಡ್‌ಗೆ ಮೀನು ಹಿಡಿಯುವುದು ಕಂಡರಾಗುತ್ತಿರಲಿಲ್ಲ. ಒಮ್ಮೆ ದೋಣಿಯಲ್ಲಿ ಮೀನು ಒದ್ದಾಡುವುದನ್ನು ನೋಡಿ ಅತ್ತು ರಂಪ ಮಾಡಿ, ಕೊನೆಗೆ ಅಪ್ಪನೇ ಗಾಳ ಬಿಡುವ ಹಾಗೆ ಮಾಡಿದರಂತೆ. ಪ್ರಾಣಿಗಳ ಮೇಲಿನ ಆ ಪ್ರೀತಿ ಕೊನೆತನಕ ಉಳಿಯಿತು. ತಮ್ಮ ಆಸ್ತಿಯನ್ನು ಎರಡು ಪಾಲು ಮಾಡಿ ಒಂದನ್ನು ಟೊರಾಂಟೊದ ಪ್ರಾಣಿದಯಾ ಸಂಘಕ್ಕೆ, ಇನ್ನೊಂದನ್ನು ಬಡವರಿಗೆ ನೆರವಾಗುವ ಸಾಲ್ವೇಷನ್ ಆರ್ಮಿ ಎಂಬ ಸಂಸ್ಥೆಗೆ ಬರೆದಿಟ್ಟಿದ್ದರು.

ಇಪ್ಪತ್ತರ ಆಸುಪಾಸಿನಲ್ಲಿ ಗೂಲ್ಡ್ ಶಾಲೆ, ಗುರು ಎಲ್ಲ ಬಿಟ್ಟು ಈ ದಂಡೆಯ ಮನೆಯಲ್ಲೇ ಇರತೊಡಗಿದರು. ಒಂದು ಹಳೆಯ ಚಿಕರಿಂಗ್ ಪಿಯಾನೊ, ಒಂದು ಟೇಪ್ ರೆಕಾರ್ಡರ್, ನಾಯಿ. ತಾವು ನುಡಿಸಿದ್ದನ್ನು ತಾವೇ ಕೇಳಿ ತಿದ್ದಿಕೊಳ್ಳುತ್ತಿದ್ದರು. ಆ ವಯಸ್ಸಿನ ಹುಡುಗ ಹೀಗೆ ಒಂಟಿಯಾಗಿ ಕೂತರೆ ಮನೆಯವರಿಗೆ ಎಷ್ಟು ಭಯವಾಗಿರಬೇಡ! ಆದರೆ ಅಲ್ಲಿಂದಲೇ ಎದ್ದು ಹೋಗಿ 1955ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದರು, ಮರುದಿನವೇ ಕೊಲಂಬಿಯಾ ಕಂಪನಿ ರೆಕಾರ್ಡಿಂಗಿಗೆ ಕರೆಯಿತು.

ಮಧ್ಯಾಹ್ನದ ಮೇಲೆ ಉತ್ತರದ ದಾರಿ. ಪ್ಯಾರಿ ಸೌಂಡ್ ಕಡೆ ಸಾಗಿದಂತೆ ಭೂಮಿಯ ರೂಪವೇ ಬದಲು. ಗುಲಾಬಿ ಬಣ್ಣದ ಬಂಡೆ ಕೊಯ್ದು ರಸ್ತೆ ಮಾಡಿದ್ದಾರೆ. ಬಂಡೆಯ ಮೇಲೆ ಪೈನ್, ಸಂದಿಯಲ್ಲಿ ಮೇಪಲ್. ಹಸಿರಿನ ನಡುವೆ ಒಂದೊಂದು ಮರ ಬೆಂಕಿ ಹತ್ತಿದಂತೆ ಕೆಂಪು. ದಾರಿಯಲ್ಲಿ ಬಟರ್ ಟಾರ್ಟ್ ತಿಂದೆವು, ಈ ಕಡೆಯ ಸಿಹಿ. ಒಳಗೆ ಬೆಲ್ಲದ ಪಾಕದಂತೆ ಜಿನುಗುತ್ತದೆ. ರಾತ್ರಿ ಸಡ್‌ಬರಿಯಲ್ಲಿ ಉಳಿದೆವು.

ನಾಲ್ಕನೇ ದಿನ: ಸದ್ದಿಲ್ಲದ ಕಾರು

ಸೂ ಸೇಂಟ್ ಮೆರಿವರೆಗೆ 300 ಕಿ.ಮೀ. ಸರಾಗ. ಅಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದೆ ಪೆಟ್ರೋಲ್ ಬಂಕ್ ಅಪರೂಪ. ನಮಗೆ ಪೆಟ್ರೋಲ್ ನೆನಪಾಯಿತು, ಇನ್ನೊಂದು ಮರೆತುಹೋಯಿತು. ಊರು ಬಿಟ್ಟು ಒಂದು ಗಂಟೆಯೂ ಆಗಿರಲಿಲ್ಲ, ಫೋನಿನ ಸಿಗ್ನಲ್ ಹೋಯಿತು. ಗೂಲ್ಡ್ ನಿಂತುಬಿಟ್ಟರು. ಒಂದೂ ರೆಕಾರ್ಡ್ ಫೋನಿಗೆ ಇಳಿಸಿಕೊಂಡಿರಲಿಲ್ಲ. ನನ್ನ ಚೀಲದಲ್ಲಿ ಮಗಳೇ ಹಿಂದೆ ಕೊಡಿಸಿದ್ದ ಸಿಡಿ ಇತ್ತು, ಆ ಬಾಡಿಗೆ ಕಾರಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಮಗಳಿಗೆ ಬೇಜಾರಾಯಿತು. "ಇಷ್ಟು ದೂರ ಬಂದು ಹೀಗಾಯ್ತಲ್ಲವ್ವಾ" ಅಂದಳು.

ಇದೇ 17ನೇ ಹೆದ್ದಾರಿಯಲ್ಲಿ ಗೂಲ್ಡ್ ಒಬ್ಬರೇ ಕಾರು ಓಡಿಸಿಕೊಂಡು ಬರುತ್ತಿದ್ದರು, ರೇಡಿಯೋ ಹಚ್ಚಿಕೊಂಡು. ಒಂದು ಊರಿನ ಸ್ಟೇಷನ್ ಮಾಸಿ ಇನ್ನೊಂದು ಊರಿನದು ಹಿಡಿಯುವವರೆಗೆ ಗರಗರ. ನಾವೂ ರೇಡಿಯೋ ತಿರುಗಿಸಿ ನೋಡಿದೆವು. ಮಾತು ಬಂತು, ಹೋಯಿತು, ಹಾಡಿನ ಅರ್ಧ ಸಾಲು ಬಂತು, ಹೋಯಿತು. ಅಪ್ಪ ಮಳೆಗಾಲದಲ್ಲಿ ರೇಡಿಯೋದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದುದು ನೆನಪಾಯಿತು. ಕೊನೆಗೆ ಆರಿಸಿಬಿಟ್ಟೆವು. ಸುಪೀರಿಯರ್ ಸರೋವರ ಎಡಕ್ಕೆ ಬಂತು. ಸರೋವರ ಅನ್ನಲು ಬಾಯಿ ಬರುವುದಿಲ್ಲ, ಸಮುದ್ರವೇ. ಅಲೆ, ಗಾಳಿ, ಟೈರಿನ ಸದ್ದು.

ಆ ಮೌನದಲ್ಲಿ ನಾನು ಮಗಳಿಗೆ ಗೂಲ್ಡ್ ವೇದಿಕೆ ಬಿಟ್ಟ ಕಥೆ ಹೇಳಿದೆ. 1957ರಲ್ಲಿ ಮಾಸ್ಕೊಗೆ ಹೋದಾಗ ಅವರು ಯಾರೆಂದೇ ಅಲ್ಲಿಯವರಿಗೆ ಗೊತ್ತಿರಲಿಲ್ಲ. ಮೊದಲ ಅರ್ಧಕ್ಕೆ ಸಭಾಂಗಣದಲ್ಲಿ ಸಾಕಷ್ಟು ಕುರ್ಚಿ ಖಾಲಿ. ನಡುವೆ ಬಿಡುವಾದಾಗ ಕೇಳಿದವರೆಲ್ಲ ಓಡಿಹೋಗಿ ಗೆಳೆಯರಿಗೆ ಫೋನು ಮಾಡಿದರು. ಎರಡನೇ ಅರ್ಧಕ್ಕೆ ಕಾಲಿಡಲು ಜಾಗವಿಲ್ಲ. 1962ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬ್ರಾಮ್ಸ್ ಎಂಬ ಸಂಗೀತಕಾರರ ಕೃತಿಯನ್ನು ಎಷ್ಟು ನಿಧಾನವಾಗಿ ನುಡಿಸಬೇಕು ಅಂದುಕೊಂಡಿದ್ದರು ಅಂದರೆ, ವಾದ್ಯಮೇಳ ನಡೆಸುತ್ತಿದ್ದ ಲೆನರ್ಡ್ ಬರ್ನ್‌ಸ್ಟೈನ್ ಮೊದಲೇ ಜನರ ಮುಂದೆ ಬಂದು ಇದಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂದರು. ಆದರೂ ಅವರೇ ನಿಂತು ಮೇಳ ನಡೆಸಿದರು! ಈ ಎರಡನ್ನೂ ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಮೂರನೆಯದು. 1964ರ ಏಪ್ರಿಲ್ 10, ಲಾಸ್ ಏಂಜಲಿಸ್. ಆ ದಿನ ನುಡಿಸಿದರು, ಎದ್ದರು, ಮತ್ತೆ ಯಾವತ್ತೂ ಜನರ ಮುಂದೆ ಕಛೇರಿ ಕೊಡಲಿಲ್ಲ. ಆವರೆಗಿನ ಒಟ್ಟು ಕಛೇರಿ 200 ಕೂಡ ಆಗಿರಲಿಲ್ಲ.

ಜನ ಬೇಡವಾಗಿ ಬಿಟ್ಟರು ಎಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಕಲೆ ಇರುವುದು ಒಂದು ಕ್ಷಣದ ರೋಮಾಂಚನಕ್ಕಲ್ಲ, ಜೀವಮಾನವಿಡೀ ನಿಧಾನವಾಗಿ ಕಟ್ಟಿಕೊಳ್ಳುವ ಬೆರಗು ಮತ್ತು ನೆಮ್ಮದಿಗೆ ಎಂಬ ಅರ್ಥದಲ್ಲಿ ಅವರು ಬರೆದಿದ್ದರು. ಸಾವಿರ ಜನ ಒಟ್ಟಿಗೆ ಕೂತು ಚಪ್ಪಾಳೆ ಹೊಡೆಯುವುದಕ್ಕಿಂತ, ಎಲ್ಲೋ ಒಂದು ಮನೆಯಲ್ಲಿ ಒಬ್ಬರು ದೀಪ ಆರಿಸಿ ಕೇಳುವುದು ಅವರಿಗೆ ಹೆಚ್ಚು ಬೇಕಿತ್ತು. ಅಂದರೆ ನಮ್ಮ ಅಪ್ಪನಂಥವರು ಬೇಕಿತ್ತು.

ವಾವಾ ತಲುಪಿದಾಗ ಸಂಜೆ. ಊರ ಬಾಯಲ್ಲಿ ಆಳೆತ್ತರ ಮೀರಿದ ದೊಡ್ಡ ಹೆಬ್ಬಾತಿನ ಮೂರ್ತಿ. ಅಲ್ಲಿನ ಮೂಲನಿವಾಸಿಗಳ ಓಜಿಬ್ವೆ ಭಾಷೆಯಲ್ಲಿ ವಾವಾ ಅಂದರೆ ಕಾಡು ಹೆಬ್ಬಾತು. 1960ರಲ್ಲಿ ಈ ಹೆದ್ದಾರಿ ಕೂಡಿಕೊಂಡಾಗ ಮೊದಲ ಮೂರ್ತಿ ನಿಲ್ಲಿಸಿದ್ದು. ಕಬ್ಬಿಣದ ಗಣಿ ಇದ್ದ ಊರು, ಗಣಿ ಮುಚ್ಚಿದೆ. ಗೂಲ್ಡ್ ಇಲ್ಲಿಗೆ ಮತ್ತೆ ಮತ್ತೆ ಬಂದು, ಮೋಟೆಲಿನಲ್ಲಿ ಉಳಿದು ಬರೆಯುತ್ತಿದ್ದರು.

ನಮ್ಮ ಮೋಟೆಲಿನ ಹಿಂದೆ ಒಂದೂ ದೀಪವಿರಲಿಲ್ಲ. ರಾತ್ರಿ ಹೊರಗೆ ಬಂದರೆ ಆಕಾಶದ ತುಂಬ ಚುಕ್ಕಿ. ಅಲ್ಲೇ ನಿಂತು ಮಗಳಿಗೆ ವಾಯೇಜರ್ ವಿಷಯ ಹೇಳಿದೆ. 1977ರಲ್ಲಿ ಹಾರಿಸಿದ ಆ ಎರಡು ಬಾಹ್ಯಾಕಾಶ ನೌಕೆಗಳಲ್ಲಿ ಬಂಗಾರದ ಲೇಪದ ರೆಕಾರ್ಡ್ ಇಟ್ಟಿದ್ದಾರೆ. ಅದರಲ್ಲಿ ಗೂಲ್ಡ್ ನುಡಿಸಿದ ಬಾಖ್ ಇದೆ. ಅದೇ ರೆಕಾರ್ಡಿನಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಅಲ್ಲಾದಿಯಾ ಖಾನ್ ಅವರ ಶಿಷ್ಯೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ್ ಅವರು ಕಲಿತದ್ದು ಅದೇ ಅಲ್ಲಾದಿಯಾ ಖಾನ್ ಅವರ ಮಕ್ಕಳ ಹತ್ತಿರ. ಅಪ್ಪ ರೇಡಿಯೋದಲ್ಲಿ ಕಾಯುತ್ತಿದ್ದುದೇ ಮನ್ಸೂರರಿಗಾಗಿ. ಮೊದಲ ನೌಕೆ ಈಗ 2,400 ಕೋಟಿ ಕಿ.ಮೀ.ಗೂ ಆಚೆ ಹೋಗಿದೆ, ಇಬ್ಬರನ್ನೂ ಕೂರಿಸಿಕೊಂಡು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ಒಳಗೆ ಹೋಗಲು ಮನಸ್ಸಾಗಲಿಲ್ಲ.

ಐದನೇ ದಿನ: ಅಜ್ಜಿಯ ಕೊಲ್ಲಿ

ಬೆಳಿಗ್ಗೆ ಊರಿನ ಹೋಟೆಲಿನಲ್ಲಿ ಟೋಸ್ಟು, ಕಾಫಿ. ಪಕ್ಕದ ಮೇಜಿನಲ್ಲಿದ್ದ ವಯಸ್ಸಾದವರು ಗಣಿಯಲ್ಲಿ ದುಡಿದವರು. ಯಾಕೆ ಬಂದಿರಿ ಅಂದರು. ಹೇಳಿದೆ. "ಪಿಯಾನೊ ನನಗೆ ಗೊತ್ತಿಲ್ಲ. ಉತ್ತರದ ಬಗ್ಗೆ ರೇಡಿಯೋದಲ್ಲಿ ಅವರೊಂದು ಮಾಡಿದ್ದರಲ್ಲ, ಅದು ಕೇಳಿದ್ದೇನೆ. ಎಲ್ಲರೂ ಒಟ್ಟಿಗೇ ಮಾತಾಡ್ತಾರೆ. ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ನಮ್ಮ ಕ್ಯಾಂಟೀನಿನಲ್ಲಿ ಹೀಗೇ ಇರ್ತಿತ್ತು" ಅಂದರು.

ಅವರು ಹೇಳಿದ್ದು 'ದಿ ಐಡಿಯಾ ಆಫ್ ನಾರ್ತ್'. 1967ರ ಡಿಸೆಂಬರಿನಲ್ಲಿ ಸಿಬಿಸಿ ರೇಡಿಯೋದಲ್ಲಿ ಬಂದದ್ದು. ಉತ್ತರದ ಹಿಮನಾಡನ್ನು ಕಂಡುಂಡ ಐವರ ಮಾತು, ಕೆಳಗೆ ರೈಲಿನ ಸದ್ದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಏರುತ್ತದೆ, ಬಾಖ್ ಕೃತಿಯಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರುವಂತೆ. ವೇದಿಕೆ ಬಿಟ್ಟು ಕೂತ ಮನುಷ್ಯ ಮಾಡಿದ ಕೆಲಸ ಇದು. ಎಷ್ಟೋ ಪಂಡಿತರ ಬರಹ ಓದಿದ್ದೇನೆ, ಕ್ಯಾಂಟೀನಿನ ಈ ಮಾತಿನಷ್ಟು ಚೆನ್ನಾಗಿ ಯಾರೂ ನನಗೆ ತಿಳಿಸಿಕೊಟ್ಟಿರಲಿಲ್ಲ.

ಹೊರಡುವ ಮುಂಚೆ ಮಗಳು ಮೋಟೆಲಿನ ವೈಫೈ ಹಿಡಿದು 1981ರ ಗೋಲ್ಡ್‌ಬರ್ಗನ್ನು ಫೋನಿಗೆ ಇಳಿಸಿಕೊಂಡಳು. ಆದರೆ ಮೊದಲು ಓಲ್ಡ್ ವುಮನ್ ಬೇ ನೋಡೋಣ ಎಂದು, ಹಚ್ಚಲಿಲ್ಲ. ವಾವಾದಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗೆ, ರಸ್ತೆ ಪಕ್ಕದಲ್ಲೇ. ಎತ್ತರದ ಬಂಡೆಗೋಡೆಯಲ್ಲಿ ಅಜ್ಜಿಯ ಮುಖ ಕಾಣುತ್ತದೆ ಎಂದು ಆ ಹೆಸರು. ಮೋಡ ಇಳಿದಿತ್ತು. ಮುಖ ಹುಡುಕುತ್ತ ನೀರಿನ ಹತ್ತಿರ ಹೋದೆ. ಹಸಿ ಕಲ್ಲಿನ ಮೇಲೆ ಕಾಲು ಜಾರಿ ಕೂತುಬಿಟ್ಟೆ. ಅಲೆ ಬಂದು ಮೊಣಕಾಲಿನವರೆಗೆ ತೋಯಿಸಿತು. ಸೆಪ್ಟೆಂಬರಿನಲ್ಲೂ ಆ ನೀರು ಐಸೇ. ಹಿಡಿತವಿರುವ ಬೂಟು, ಇನ್ನೊಂದು ಜೊತೆ ಸಾಕ್ಸು ಇಲ್ಲದೆ ಈ ದಂಡೆಗೆ ಇಳಿಯಬೇಡಿ. ಮಗಳು ಎಬ್ಬಿಸಿದಳು, ತನ್ನ ಸಾಕ್ಸು ಬಿಚ್ಚಿ ನನಗೆ ಹಾಕಿದಳು. ಆಗ ಮೋಡ ಸರಿದು ಬಂಡೆ ಕಂಡಿತು. ಹಣೆ, ಮೂಗು, ಗದ್ದ. ನಿಜವಾಗಿಯೂ ಅಜ್ಜಿ!

ಕಾರಿನ ಹೀಟರ್ ಮುಂದೆ ಒದ್ದೆ ಸಾಕ್ಸು ಹರವಿ ಹೊರಟೆವು. ಟೊರಾಂಟೊ ಇನ್ನೂ 900 ಕಿ.ಮೀ. ಆರಿಯಾ ಹಚ್ಚಿದಳು. ಇಬ್ಬರೂ ಮಾತಾಡಲಿಲ್ಲ. ರಸ್ತೆ ಕಾಡಿನೊಳಗೆ ಹೊಕ್ಕಿತು, ಕೆರೆಗಳ ಪಕ್ಕ ಹಾಯಿತು. 25ನೇ ವೇರಿಯೇಷನ್ ತುಂಬಾ ನಿಧಾನ, ತುಂಬಾ ನೋವಿನದು. ಅದು ಬಂದಾಗ ಮಗಳು ಕಾರಿನ ವೇಗ ಇಳಿಸಿದಳು. ಸುಪೀರಿಯರ್ ಮತ್ತೆ ಬಲಕ್ಕೆ ತೆರೆದುಕೊಂಡಿತು. ಅಗಾವಾ ಕೊಲ್ಲಿ ದಾಟಿ ಸ್ವಲ್ಪ ಹೊತ್ತಿಗೆ 30 ಮುಗಿದು ಆರಿಯಾ ಮತ್ತೆ ಬಂತು. ಹಿಂದೆ ಆ ಗುನುಗು.

ಕೊನೆಯ ಸ್ವರ ಆರಿದ ಮೇಲೂ ಗುನುಗು ನಿಲ್ಲಲಿಲ್ಲ. ಮಗಳು ನನ್ನ ಕಡೆ ತಿರುಗಿ ನೋಡಿದಳು.

"ಅಜ್ಜನೂ ಹೀಗೇ ಮಾಡ್ತಿದ್ದರಲ್ವಾ ಅವ್ವಾ?" ಅಂದಳು.